ಮರಿಯ ಕೈಯ ಹೆಣಿಗೆ

ನನ್ನ ತಂಗಿಯ ಬಲಗೈಯನ್ನು ಅವಳ ಗಂಡ ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದ. ಗಾಳಿಗೆ ಬಾಗಿಲು ಬಡಿಯಿತು ಎಂದು ಆಸ್ಪತ್ರೆಯಲ್ಲಿ ಹೇಳಿದ. ಅವಳೂ ಹೂಂ ಎಂದು ತಲೆಯಾಡಿಸಿದಳು. ಗಾಳಿಯ ಬಾಗಿಲು ಒಂದು ಸಲ ಬಡಿದು ವಾಪಸು ಹೋಗುತ್ತದೆ. ಇದು ಹೆಗಲು ಕೊಟ್ಟು ಒತ್ತಿದ ಬಾಗಿಲು. ನಾನು ಮಾಂಸದಂಗಡಿಯವಳು, ದಿನ ಬೆಳಗಾದರೆ ಎಲುಬು ಮುರಿಯುವವಳು. ನನ್ನ ಮುಂದೆ ಗಾಳಿಯ ಕಥೆ ಹೇಳಿದರೆ ನಾನು ನಂಬಬೇಕೇ.

ಅವನು ಲಿಫ್ಟ್ ರಿಪೇರಿ ಮಾಡುವವನು. ಇಸ್ತ್ರಿ ಮಾಡಿದ ನೀಲಿ ಅಂಗಿ, ಜೇಬಿನಲ್ಲಿ ಟೆಸ್ಟರು, ಎದುರಿಗೆ ಸಿಕ್ಕ ಮುದುಕಿಯರಿಗೆಲ್ಲ ನಮಸ್ಕಾರ. ದೊಡ್ಡ ದೊಡ್ಡ ಕಟ್ಟಡಗಳ ಹೆಂಗಸರು ‘ನಿನ್ನ ತಂಗಿ ಪುಣ್ಯ ಮಾಡಿದ್ಲು’ ಎಂದು ನನ್ನ ಅಂಗಡಿಗೆ ಬಂದು ಹೇಳುತ್ತಿದ್ದರು. ನಾಲಿಗೆಯಲ್ಲಿ ಬೆಲ್ಲ, ಕರುಳಲ್ಲಿ ಕತ್ತರಿ. ಆ ದಿನ ನಡೆದದ್ದಿಷ್ಟೇ: ಅವನು ಬರುವ ಹೊತ್ತಿಗೆ ಊಟ ತಣ್ಣಗಾಗಿತ್ತು.

ನೀನೇಕೆ ಅವನನ್ನು ಸುಮ್ಮನೆ ಬಿಟ್ಟೆ ಎಂದು ಕೇಳುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅವನು ಮೊದಲ ಸಲ ಅವಳ ತುಟಿ ಒಡೆದಾಗ ನಾನು ಸುಮ್ಮನಿರಲಿಲ್ಲ. ಅವರ ಮನೆಯ ಮೆಟ್ಟಿಲ ಮೇಲೆ ಅವನನ್ನು ಹಿಡಿದು, ಮಚ್ಚಿನ ಹಿಂಬದಿಯಿಂದ ಹೆಗಲಿಗೆ ಕೊಟ್ಟೆ. ಅವನು ಕುಸಿದು ಕೂತು ಮಗುವಿನ ಹಾಗೆ ಅತ್ತ. ಆಗ ನನ್ನ ತಂಗಿ, ಒಡೆದ ತುಟಿಯ ನನ್ನ ತಂಗಿ, ಓಡಿಬಂದು ಅವನ ಹೆಗಲಿಗೆ ಒದ್ದೆ ಬಟ್ಟೆ ಒತ್ತಿದಳು. ‘ನನ್ನ ಗಂಡನ ಮೇಲೆ ಕೈ ಮಾಡೋಕೆ ನೀನ್ಯಾರು’ ಎಂದು ನನ್ನನ್ನೇ ಕೇಳಿದಳು. ಆಮೇಲೆ ಬಹಳ ಕಾಲ ನನ್ನ ಮನೆಯ ಕಡೆ ತಲೆ ಹಾಕಲಿಲ್ಲ. ನಾನು ಕೈ ಎತ್ತಿದ ಕೂಡಲೇ ಅವನು ಪಾಪದವನಾಗುತ್ತಾನೆ, ಅವಳು ಅವನ ಹಿಂದೆ ಹೋಗುತ್ತಾಳೆ. ನನಗಿದು ಅರ್ಥವಾಯಿತು. ಅವನಿಗೂ ಅರ್ಥವಾಯಿತು.

ಅದಕ್ಕೇ ಈ ಸಲ ಹಲ್ಲು ಕಚ್ಚಿ ಸುಮ್ಮನಿದ್ದೆ. ಆಸ್ಪತ್ರೆಯಿಂದ ನೇರವಾಗಿ ಅವಳನ್ನು ನನ್ನ ಮನೆಗೆ ಕರೆತಂದೆ. ನನಗೆ ಬೇಕಾಗಿದ್ದದ್ದು ಒಂದೇ: ಅವಳು ಅವನ ಮನೆಗೆ ಮತ್ತೆ ಹೋಗಬಾರದು. ಅವಳಿಗೆ ನಾನು ಇಟ್ಟ ಹೆಸರು ಮರಿ. ಅವ್ವ ಸತ್ತ ಮೇಲೆ ನಾನೇ ಸಾಕಿದವಳು. ನನಗಿರುವುದು ಅವಳೊಬ್ಬಳೇ.

ಕಟ್ಟು ಬಿಚ್ಚಿದಾಗ ಕೈ ನೋಡಲಾಗಲಿಲ್ಲ. ಹೆಬ್ಬೆರಳು, ತೋರುಬೆರಳು ನಿಧಾನಕ್ಕೆ ಆಡುತ್ತಿದ್ದವು. ನಡುವಿನ ಎರಡು ಬೆರಳು ಒಣಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದವು, ಮಡಚುತ್ತಲೇ ಇರಲಿಲ್ಲ. ಅವಳು ಮದುವೆಗೆ ಮುಂಚೆ ಬೂಟಿನ ಕಾರ್ಖಾನೆಯಲ್ಲಿ ಮಿಷನ್ನಿಗೆ ಕೂರುತ್ತಿದ್ದವಳು. ಬೆರಳು ಆಡಿದರೆ ಮತ್ತೆ ಕೆಲಸ, ಕೆಲಸ ಸಿಕ್ಕರೆ ಯಾರ ಹಂಗೂ ಇಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕು ಎಂದರು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದಳು. ಚೆಂಡನ್ನು ಎದುರುಮನೆಯ ನಾಯಿ ಕಚ್ಚಿಕೊಂಡು ಹೋಯಿತು. ಅದೇ ವಾಸಿ, ನಾಯಿಯಾದರೂ ಹಿಸುಕಿತು.

ನನ್ನ ಅಂಗಡಿಯ ಓಣಿ ತಿರುಗಿದರೆ ಒಂದು ಉಲ್ಲನ್ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಅಂಗಡಿಯ ಒಡತಿ ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಹೆಣಿಗೆ ಹೇಳಿಕೊಡುತ್ತಿದ್ದಳು. ಎಲ್ಲರೂ ಅವಳನ್ನು ಟೀಚರ್ ಎನ್ನುತ್ತಿದ್ದರು. ಸಣ್ಣ ಆಳು, ದಪ್ಪ ಕನ್ನಡಕ, ದನಿ ಮಾತ್ರ ಹೆಡ್ಮೇಷ್ಟ್ರದು. ಮಾಂಸ ಕೊಳ್ಳಲು ಬಂದವಳು ಮರಿಯ ಕೈ ನೋಡಿ, ‘ನಾಳೆಯಿಂದ ಕಳಿಸು’ ಎಂದಳು.

‘ಅವಳ ಜೊತೆ ನಾನೂ ಬಂದು ಕೂರ್ತೀನಿ’ ಎಂದೆ.

‘ಕೂರೋರೆಲ್ಲ ಹೆಣೀಬೇಕು. ಸುಮ್ನೆ ಕೂರೋಕೆ ಅದೇನು ಬಸ್ ಸ್ಟ್ಯಾಂಡಾ?’

ಹೀಗೆ ಈ ವಯಸ್ಸಿನಲ್ಲಿ ನಾನೂ ಕಡ್ಡಿ ಹಿಡಿದೆ. ಕೈ ತೊಳೆದು ಉಗುರಿನ ಸಂದಿಯ ರಕ್ತ ತೆಗೆದು ಬರಬೇಕು, ಬಿಳಿ ಉಲ್ಲನ್ ಮುಟ್ಟುವ ಹಾಗಿಲ್ಲ, ಇದು ನನಗೊಬ್ಬಳಿಗೇ ಇದ್ದ ಕಾನೂನು. ಕೋಣೆಯಲ್ಲಿ ಕೈಯಿಲ್ಲದ ಗಿಡ್ಡ ಕುರ್ಚಿಗಳು, ಮೊಣಕೈ ತಾಕಬಾರದೆಂದು. ಗೋಡೆಯ ತುಂಬ ಗೂಡು, ಗೂಡಿನ ತುಂಬ ಉಲ್ಲನ್ ಉಂಡೆ. ನಮ್ಮ ಜೊತೆ ಇನ್ನಿಬ್ಬರು: ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರಾದ ಹೆಂಗಸು, ಮತ್ತೆ ಚೊಚ್ಚಲ ಬಸುರಿ ಹುಡುಗಿ. ಕಂಡಕ್ಟರಮ್ಮ ಈಗಲೂ ಎಲ್ಲರಿಗೂ ‘ಒಳಗೆ ನಡೀರಿ, ಒಳಗೆ ನಡೀರಿ’ ಎನ್ನುತ್ತಲೇ ಬರುತ್ತಿದ್ದಳು.

ಟೀಚರ್ ಕಲಿಸುತ್ತಿದ್ದದ್ದು ಒಂದೇ ಹೆಣಿಗೆ. ನೇರ ಹೆಣಿಗೆ. ಎಡಗೈಯ ಕಡ್ಡಿಯಲ್ಲಿ ಕುಣಿಕೆಗಳ ಸಾಲು, ಬಲಗೈಯ ಕಡ್ಡಿ ಖಾಲಿ. ‘ಒಳಗೆ ಚುಚ್ಚು, ನೂಲು ಸುತ್ತು, ಹೊರಗೆ ಎಳಿ, ಹಳೇದನ್ನ ಬಿಡು. ಇಷ್ಟೇ. ಸಾಲು ಮುಗೀತಾ, ಕಡ್ಡಿ ಕೈ ಬದಲಾಯಿಸು, ಮತ್ತೆ ಅದೇ.’

‘ಇದನ್ನ ನಾನು ದಿನಾ ಮಾಡ್ತೀನಲ್ಲ, ಕುರಿಗೆ’ ಎಂದೆ. ಬಸುರಿ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಮೊದಲು ಪಾತ್ರೆ ಒರೆಸುವ ಚೌಕ, ಆಮೇಲೆ ಮಫ್ಲರು, ಆಮೇಲೆ ಟೋಪಿ. ಮೂರಕ್ಕೂ ಹೆಣಿಗೆ ಅದೇ. ಚೌಕ ಉದ್ದವಾದರೆ ಮಫ್ಲರು, ಅಗಲವಾಗಿ ಮಾಡಿ ಮಡಚಿ ಹೊಲಿದರೆ ಟೋಪಿ. ನನ್ನ ಚೌಕ ಹಲಗೆಯ ಹಾಗಾಯಿತು. ಕೈಯಲ್ಲಿ ನೂಲಿದ್ದರೂ ಕಣ್ಣ ಮುಂದೆ ಅವನ ಕತ್ತೇ ಇರುತ್ತಿತ್ತು, ಎಷ್ಟು ಬಿಗಿದರೂ ಸಾಲದು. ಕುಣಿಕೆಯೊಳಗೆ ಕಡ್ಡಿಯೇ ಹೋಗುತ್ತಿರಲಿಲ್ಲ. ಒತ್ತಿ ಒತ್ತಿ ಟೀಚರಿನ ಬಿದಿರ ಕಡ್ಡಿಯನ್ನು ಎರಡು ತುಂಡು ಮಾಡಿದೆ.

‘ಯಾರ ಮೇಲೆ ಕೋಪ ಇದೆಯೋ ಅವರ ಮೇಲೆ ತೀರಿಸ್ಕೋ’ ಎಂದಳು ಟೀಚರ್. ‘ನನ್ನ ಕಡ್ಡಿ ಏನು ಪಾಪ ಮಾಡಿತ್ತು?’

ನಾನು ಮರಿಯ ಕಡೆ ನೋಡಿದೆ. ಅವಳು ತಲೆ ತಗ್ಗಿಸಿಕೊಂಡಳು.

ಮರಿಗೆ ಮೊದಮೊದಲು ಕಡ್ಡಿ ನಿಲ್ಲುತ್ತಲೇ ಇರಲಿಲ್ಲ, ಕೈಯಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಅವಳು ಬಗ್ಗಿ ಎತ್ತಿಕೊಳ್ಳುವಳು, ಮತ್ತೆ ಬೀಳುವುದು. ನಾನು ಎತ್ತಿಕೊಡಲು ಹೋದರೆ ಟೀಚರ್ ನನ್ನ ಕೈ ಮೇಲೆ ಹೊಡೆಯುತ್ತಿದ್ದಳು. ಕೊನೆಗೆ ಅವಳೇ ಒಳಗಿನಿಂದ ಮಕ್ಕಳಿಗೆಂದು ತರಿಸಿದ್ದ ಗಿಡ್ಡ ಉಕ್ಕಿನ ಕಡ್ಡಿಗಳನ್ನು ತಂದಳು. ಮರಿಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಮಡಚದ ಎರಡು ಬೆರಳ ಸಂದಿಗೆ ಕಡ್ಡಿ ತೂರಿಸಿ, ಕಡ್ಡಿಯ ಹಿಂದಿನ ಗುಂಡನ್ನು ಅಂಗೈಯ ಬುಡಕ್ಕೆ ಒತ್ತಿ ಇಟ್ಟಳು. ‘ಬೆರಳಿಂದ ತಳ್ಳಬೇಡ. ಅಂಗೈಯಿಂದ ತಳ್ಳು. ನೂಲನ್ನ ಎಡಗೈ ನೋಡ್ಕೊಳ್ಳುತ್ತೆ’ ಎಂದಳು.

ಕಡ್ಡಿ ಒಳಗೆ ಹೋಯಿತು. ಅವಳು ನೂಲು ಸುತ್ತಿ ಎಳೆದಳು, ಹಳೆಯ ಕುಣಿಕೆ ಜಾರಿ ಬಿತ್ತು. ಮರಿಯ ಮುಖದಲ್ಲಿ ನಗು ನೋಡಿ ಎಷ್ಟು ಕಾಲವಾಗಿತ್ತೋ. ನನಗೆ ಎದ್ದು ಟೀಚರಿನ ಕಾಲಿಗೆ ಬೀಳೋಣ ಅನ್ನಿಸಿತು. ಬದಲಿಗೆ ಮಾರನೇ ದಿನ ಒಳ್ಳೆಯ ತೊಡೆಯ ಭಾಗ ಕಟ್ಟಿಕೊಟ್ಟೆ.

ಚೌಕ ಮುಗಿಯಿತು, ಮಫ್ಲರು ಶುರುವಾಯಿತು. ಕೈ ಬರುತ್ತಿತ್ತು. ಲೋಟ ಹಿಡಿದಳು, ಬಾಚಣಿಗೆ ಹಿಡಿದಳು. ಒಂದು ದಿನ ನನ್ನ ಅಡುಗೆಗೆ ‘ಉಪ್ಪು ಕಮ್ಮಿ’ ಎಂದು ಹೆಸರಿಟ್ಟಳು. ಹಳೇ ಮರಿ ವಾಪಸು ಬಂದಳು ಎಂದು ನಾನು ಹಿಗ್ಗಿಹೋದೆ. ಮನಸ್ಸಿನಲ್ಲಿ ಲಿಫ್ಟಿನವನಿಗೆ ಎಳ್ಳುನೀರು ಬಿಟ್ಟಾಗಿತ್ತು.

ಒಂದು ಮಧ್ಯಾಹ್ನ ಮಫ್ಲರನ್ನು ಮೇಜಿನ ಮೇಲೆ ಹಾಸಿ ಟೀಚರ್ ಹುಬ್ಬು ಗಂಟಿಕ್ಕಿದಳು. ಮಫ್ಲರಿನ ಒಂದು ಅಂಚು ಉದ್ದ, ಇನ್ನೊಂದು ಗಿಡ್ಡ, ಬಾಳೆಹಣ್ಣಿನ ಹಾಗೆ ಬಾಗಿತ್ತು. ನಡುವೆ ಅಲ್ಲಲ್ಲಿ ಸಣ್ಣ ತೂತು.

‘ಸಾಲು ಅರ್ಧಕ್ಕೆ ಬಿಟ್ಟು ಎದ್ದು ಹೋಗಿದ್ದೀಯ. ವಾಪಸ್ ಬಂದು ಕಡ್ಡಿ ಅದಲು ಬದಲು ಹಿಡಿದು, ಬಂದ ದಾರೀಲೇ ತಿರುಗಿ ಹೆಣೆದಿದ್ದೀಯ. ತಿರುಗಿದ ಕಡೆಯೆಲ್ಲ ತೂತು ಬಿದ್ದಿದೆ ನೋಡು. ಹೊಸಬರು ಮಾಡೋ ತಪ್ಪೇ. ಆದ್ರೆ ಇಷ್ಟೊಂದು ಸಲವಾ? ಏನಮ್ಮಾ ಅಷ್ಟು ಅವಸರ?’

ಮರಿ ‘ಬಚ್ಚಲಿಗೆ ಹೋಗಿದ್ದೆ’ ಎಂದಳು.

ನಾನೂ ಅಷ್ಟು ಹೊತ್ತಿಗೆ ಹೆಣಿಗೆ ಕಲಿತವಳು, ಬಟ್ಟೆ ಕೈಗೆತ್ತಿಕೊಂಡು ನೋಡಿದೆ. ಶುರುವಿನಲ್ಲಿ ತೂತು ಇರಲಿಲ್ಲ. ನಡುವೆ ಒಂದು. ಆಮೇಲೆ ಇನ್ನಷ್ಟು. ಈಚೆಯ ಸಾಲುಗಳಲ್ಲಿ ತೂತಿನ ಪಕ್ಕದಲ್ಲೇ ತೂತು. ಬಚ್ಚಲಿಗೆ ಹೋಗುವವರು ಸಾಲು ಮುಗಿಸಿ ಹೋಗುತ್ತಾರೆ. ಫೋನು ಮಾತ್ರ ಸಾಲಿನ ನಡುವೆ ಬರುತ್ತದೆ.

‘ಫೋನ್ ಕೊಡು’ ಎಂದೆ.

‘ಅಕ್ಕ, ಇಲ್ಲಿ ಬೇಡ.’

‘ಕೊಡು ಅಂದ್ರೆ ಕೊಡಬೇಕು.’ ಅವಳ ಚೀಲಕ್ಕೆ ಕೈ ಹಾಕಿ ಕಿತ್ತುಕೊಂಡೆ. ನನ್ನ ಕೈ ಹಾಗೆ ಮುಂದೆ ಹೋದದ್ದೇ ತಡ, ಮರಿ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಕುರ್ಚಿಯಲ್ಲೇ ಮುದುಡಿದಳು. ನಾನು ಅವಳಿಗೆ ಯಾವತ್ತೂ ಹೊಡೆದವಳಲ್ಲ. ಆದರೂ ಅವಳ ಮೈಗೆ ನನ್ನ ಕೈಯೂ ಅವನ ಕೈಯೂ ಒಂದೇ ಆಗಿತ್ತು. ಆ ಸಿಟ್ಟನ್ನೂ ನಾನು ಅವನ ಮೇಲೆಯೇ ಹಾಕಿದೆ. ಅವನಿಗೆ ಫೋನ್ ಒತ್ತಿ ಅಲ್ಲೇ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಗಂಡಸಾಗಿದ್ದರೆ ಬಾ, ಉಲ್ಲನ್ ಅಂಗಡಿಗೆ ಬಾ, ನನ್ನೆದುರು ನಿಂತು ಅವಳನ್ನ ಕರಿ ನೋಡೋಣ ಎಂದೆ.

‘ಬರ್ತೀನಿ ಅಕ್ಕ’ ಎಂದ ಅವನು ಬಹಳ ಮರ್ಯಾದೆಯಿಂದ.

ಟೀಚರ್ ಕನ್ನಡಕ ತೆಗೆದು ಒರೆಸಿದಳು. ‘ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ ಕಣಮ್ಮ’ ಎಂದಳು. ಆ ರಾತ್ರಿ ಮರಿಯ ಪಕ್ಕ ಹೋಗಿ ಕೂತೆ. ಫೋನಿನಲ್ಲಿ ಏನನ್ನುತ್ತಿದ್ದ ಎಂದು ಕೇಳಿದೆ. ‘ಅಳ್ತಾನೆ’ ಎಂದಳು. ‘ಬಾ ಅಂತಾನೆ. ಬರದಿದ್ರೆ ಇನ್ನೊಂದು ಕೈಯೂ ಉಳಿಯಲ್ಲ ಅಂತಾನೆ. ಆಮೇಲೆ ಮತ್ತೆ ಅಳ್ತಾನೆ.’ ನೀನು ಏನಂದೆ ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಅವನು ಬಂದದ್ದು ಮರಿ ಟೋಪಿ ಹೆಣೆಯುತ್ತಿದ್ದ ದಿನ. ಹಳದಿ ಬಣ್ಣದ ಟೋಪಿ, ಬಸುರಿ ಹುಡುಗಿಯ ಮಗುವಿಗೆ. ಟೀಚರ್ ಹೊರಗೆ ಗಿರಾಕಿಗೆ ಬಣ್ಣ ತೋರಿಸುತ್ತಿದ್ದಳು. ಅವನು ‘ನಮಸ್ಕಾರ’ ಎಂದು ಎಲ್ಲರಿಗೂ ಕೈ ಮುಗಿದುಕೊಂಡು ನೇರ ಒಳಗೆ ಬಂದ, ಕೋಣೆಯ ಬಾಗಿಲು ಹಾಕಿ ಚಿಲಕ ಏರಿಸಿದ. ಆಮೇಲೆ ಅವನ ಮುಖ ಬದಲಾಯಿತು.

‘ಏಳು’ ಎಂದ ಅವಳಿಗೆ.

ಮರಿ ಏಳಲಿಲ್ಲ. ಹೆಣಿಗೆ ನಿಲ್ಲಿಸಲಿಲ್ಲ. ಅವನು ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಎಳೆದ. ಕುರ್ಚಿ ಸಮೇತ ಅವಳು ಹಿಂದಕ್ಕೆ ಬಿದ್ದಳು, ಅವಳ ತಲೆ ನೆಲಕ್ಕೆ ಬಡಿದ ಸದ್ದು ಕೇಳಿಸಿತು. ನಾನು ಎದ್ದೆ. ಕಂಡಕ್ಟರಮ್ಮ ಬಸುರಿ ಹುಡುಗಿಯನ್ನು ಮೂಲೆಗೆ ತಳ್ಳಿ ತಾನು ಅಡ್ಡ ನಿಂತಳು.

‘ಬಾ ಅಕ್ಕ’ ಎಂದ ಅವನು ನನಗೆ. ಮುಖದಲ್ಲಿ ನಗು. ‘ಕರೆದೆಯಲ್ಲ, ಬಂದಿದ್ದೀನಿ. ಹೊಡಿ.’

ಅವನಿಗೆ ಬೇಕಾದದ್ದು ಅದೇ. ನಾನು ಹೊಡೆಯಬೇಕು, ಅವನು ಬಿದ್ದು ಅಳಬೇಕು, ಮರಿ ಒದ್ದೆ ಬಟ್ಟೆ ತರಬೇಕು. ನನ್ನ ಕೈಯಲ್ಲಿ ಕಡ್ಡಿಯಿತ್ತು, ಎದುರಿಗೆ ಅವನ ಕತ್ತಿತ್ತು, ನರ ಎಲ್ಲಿ ಹಾದು ಹೋಗುತ್ತದೆಂದು ನನಗೆ ಗೊತ್ತು. ಅತ್ತ ದರಿ, ಇತ್ತ ಪುಲಿ. ಹೊಡೆದರೆ ಅವಳು ಅವನ ಪಾಲಿಗೆ, ಹೊಡೆಯದಿದ್ದರೆ ಅವಳ ಜೀವ ನನ್ನ ಕಣ್ಣೆದುರೇ ಹೋಗುತ್ತದೆ. ನನ್ನ ಜನ್ಮದಲ್ಲಿ ಎದುರಿಗೆ ಆಳು ನಿಂತಿರುವಾಗ ನಾನು ಕೈ ತಡೆದದ್ದು ಅದೊಂದೇ ಸಲ, ಅಷ್ಟು ಕಷ್ಟದ ಕೆಲಸ ನಾನು ಇನ್ನೊಂದು ಮಾಡಿಲ್ಲ. ‘ಬಿಡೋ ಅವಳನ್ನ’ ಎಂದು ಬೇಡಿಕೊಂಡೆ. ಹೌದು, ಅವನಂಥವನ ಮುಂದೆ ನಾನು ಬೇಡಿಕೊಂಡೆ.

‘ಹೆಣೀತಾಳಂತೆ’ ಎಂದ. ಅವಳ ಪಕ್ಕೆಗೆ ಬೂಟುಗಾಲಿನಲ್ಲಿ ಒದ್ದ. ಅವಳ ಬಾಯಿಂದ ಗಾಳಿಯೆಲ್ಲ ಹೋಯಿತು. ಇನ್ನೊಮ್ಮೆ ಒದ್ದ. ಆಮೇಲೆ ಅವಳ ಮೇಲೆ ಮಂಡಿಯೂರಿ, ಮುರಿದು ಕೂಡಿದ್ದ ಆ ಕೈಯ ಮಣಿಕಟ್ಟನ್ನು ಹಿಡಿದು ನೆಲಕ್ಕೆ ಒತ್ತಿದ. ‘ಈ ಕೈ ಇದ್ರೆ ತಾನೇ ಹೆಣಿಗೆ’ ಎಂದು ಅವಳ ಕಿರುಬೆರಳನ್ನು ಹಿಂದಕ್ಕೆ ಬಾಗಿಸಿದ. ಟಕ್ ಎಂದಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು, ದಿಮ್ಮಿಯ ಮೇಲೆ ದಿನಾ ಕೇಳುವ ಸದ್ದು. ಆಗ ನನ್ನ ತಡೆ ಹರಿಯಿತು. ಆದದ್ದು ಆಗಲಿ ಎಂದು ನುಗ್ಗಿದೆ.

ನನ್ನ ಕಡೆ ತಿರುಗಿದ ಅವನು ಅವಳ ಮಣಿಕಟ್ಟು ಬಿಟ್ಟ, ಅಷ್ಟರಲ್ಲಿ ಕಿರುಚಿದ. ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡ. ಅವನ ಎಡಗೆನ್ನೆಯಲ್ಲಿ ಉಕ್ಕಿನ ಕಡ್ಡಿ ನಾಟಿತ್ತು, ಹಳದಿ ಟೋಪಿ ಅದಕ್ಕೆ ನೇತಾಡುತ್ತಿತ್ತು. ಬಾಯಿ ತೆರೆದರೆ ಒಳಗೆ ಕಡ್ಡಿಯ ಮೊನೆ ಕಾಣುತ್ತಿತ್ತು, ನಾಲಿಗೆ ಹರಿದು ರಕ್ತ ಗದ್ದದಿಂದ ಇಳಿದು ಇಸ್ತ್ರಿ ಅಂಗಿಯನ್ನು ತೋಯಿಸಿತು. ಅವನು ಗೋಡೆಯ ಗೂಡಿಗೆ ಡಿಕ್ಕಿ ಹೊಡೆದು ಬಿದ್ದ, ಅವನ ಮೇಲೆ ಉಲ್ಲನ್ ಉಂಡೆಗಳು ಸುರಿದವು. ಮರಿ ಎದ್ದು ಕೂತಿದ್ದಳು. ಅವನಿಗೆ ಒದ್ದೆ ಬಟ್ಟೆ ತರಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನನ್ನು ನೋಡುತ್ತಿದ್ದಳು, ಅಷ್ಟೇ.

ಟೀಚರ್ ಬಾಗಿಲು ಬಡಿಯುತ್ತಿದ್ದಳು. ಕಂಡಕ್ಟರಮ್ಮ ಚಿಲಕ ತೆಗೆದಳು. ಜನ ಸೇರಿದರು, ಪೊಲೀಸರು ಬಂದರು, ಅವನನ್ನು ಆಸ್ಪತ್ರೆಗೆ ಹೊತ್ತೊಯ್ದರು. ಇನ್ಸ್‌ಪೆಕ್ಟರು ಒಬ್ಬಳು ಹೆಂಗಸು, ಎತ್ತರದವಳು, ಮಾತು ಕಮ್ಮಿ. ಯಾರು ಚುಚ್ಚಿದ್ದು ಎಂದು ಕೇಳಿದಳು.

‘ನಾನು’ ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಮರಿ ಬಾಯಿ ತೆರೆದಳು, ನಾನು ಕಣ್ಣಲ್ಲೇ ಗದರಿದೆ. ಯಾರೂ ಅನುಮಾನ ಪಡಲಿಲ್ಲ. ಮಾಂಸದಂಗಡಿಯವಳು, ಮೂಗಿನ ತುದಿಯಲ್ಲೇ ಕೋಪ, ಹಿಂದೆ ಮಚ್ಚಿನಲ್ಲಿ ಕೊಟ್ಟಿದ್ದು ಇಡೀ ಬೀದಿಗೆ ಗೊತ್ತು.

ಇನ್ಸ್‌ಪೆಕ್ಟರಮ್ಮ ಉಳಿದವರನ್ನು ಕೇಳಿದಳು. ಕಂಡಕ್ಟರಮ್ಮ ನನ್ನ ಮುಖ ನೋಡಿದಳು, ಮರಿಯ ಮುಖ ನೋಡಿದಳು. ‘ನಾನು ಸಾಲು ನೋಡ್ತಿದ್ದೆ ಮೇಡಂ. ಕಣ್ಣು ತೆಗೆದ್ರೆ ಕುಣಿಕೆ ಬಿಟ್ಟುಹೋಗುತ್ತೆ’ ಎಂದಳು. ಬಸುರಿ ಹುಡುಗಿಯೂ ಸಾಲು ನೋಡುತ್ತಿದ್ದಳಂತೆ. ತಲೆಯ ಮೇಲೆ ಛಾವಣಿ ಬಿದ್ದರೂ ಅವರು ಸಾಲು ನೋಡುವವರೇ.

ಸ್ಟೇಷನ್ನಿನಲ್ಲಿ ನನ್ನನ್ನು ಒಂದು ಬೆಂಚಿನ ಮೇಲೆ ಕೂರಿಸಿದರು. ಮರಿಯ ಕಿರುಬೆರಳಿಗೆ ಪಟ್ಟಿ ಹಾಕಿಸಿ ಅವಳನ್ನೂ ಕರೆತಂದರು. ಸಂಜೆಯ ಹೊತ್ತಿಗೆ ಅವನೂ ಬಂದ. ಕೆನ್ನೆಗೆ ಹೊಲಿಗೆ ಹಾಕಿ ಹತ್ತಿ ಅಂಟಿಸಿದ್ದರು, ಬಾಯಿ ಊದಿತ್ತು, ಮಾತು ಮುದ್ದೆ ಮುದ್ದೆ. ಆದರೂ ಬೆರಳು ನೆಟ್ಟಗೆ ನನ್ನ ಕಡೆ ಬಂತು.

‘ಇವ್ಳೇ’ ಎಂದ. ‘ನನ್ನ ಹೆಂಡ್ತಿ ಅಕ್ಕ. ಮೊದ್ಲೂ ಹೊಡ್ದಿದ್ಲು.’ ಆಮೇಲೆ ಮರಿಯ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರು, ಆಣೆಗೂ ನಿಜವಾದ ನೀರು. ‘ನನ್ನ ಹೆಂಡ್ತಿ ತಪ್ಪಿಲ್ಲ ಮೇಡಂ. ನಾನು ಕರ್ಕೊಂಡು ಹೋಗ್ತೀನಿ. ಚೆನ್ನಾಗಿ ನೋಡ್ಕೋತೀನಿ.’

ಮೇಜಿನ ಆಚೆ ಕೂತಿದ್ದ ವಯಸ್ಸಾದ ಪೇದೆ, ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದ. ‘ನಡುವೆ ಬಂದವರು ಅನುಭವಿಸ್ತಾರೆ. ಹೋಗಮ್ಮ, ಗಂಡನ ಜೊತೆ ಹೋಗು.’

ನನಗೆ ಆ ಪೇದೆಯ ಮೀಸೆಯನ್ನು ಒಂದೊಂದೇ ಕೂದಲಾಗಿ ಕೀಳೋಣ ಅನ್ನಿಸಿತು. ಆದರೆ ನನ್ನ ಬಾಯಿಯೇ ನನ್ನನ್ನು ಕಟ್ಟಿಹಾಕಿತ್ತು. ಒಪ್ಪಿಕೊಂಡು ಕೂತವಳು ನಾನು.

ಮರಿ ಎದ್ದು ನಿಂತಳು. ಈಗ ಅವನ ಹಿಂದೆ ಹೋಗುತ್ತಾಳೆ ಎಂದುಕೊಂಡೆ.

‘ಚುಚ್ಚಿದ್ದು ನಾನು’ ಎಂದಳು ಮರಿ.

ಇನ್ಸ್‌ಪೆಕ್ಟರಮ್ಮ ತಲೆಯೆತ್ತಿದಳು. ‘ಅಕ್ಕನ್ನ ಉಳಿಸೋಕೆ ಹೇಳ್ತಿದ್ದೀಯ.’

‘ಸುಳ್ಳು ಹೇಳ್ತಾಳೆ’ ಎಂದೆ ನಾನು. ‘ಸುಳ್ಳು’ ಎಂದ ಅವನೂ. ಹುಟ್ಟಿದಾಗಿನಿಂದ ನಾನೂ ಅವನೂ ಒಂದೇ ಮಾತು ಆಡಿದ್ದು ಅದೊಂದೇ ಸಲ ಇರಬೇಕು.

‘ಈ ಕೈಲಾ?’ ಎಂದು ಇನ್ಸ್‌ಪೆಕ್ಟರಮ್ಮ ಅವಳ ಬಲಗೈ ನೋಡಿದಳು. ಮಡಚದ ಎರಡು ಬೆರಳು, ಪಟ್ಟಿ ಸುತ್ತಿದ ಒಂದು. ‘ಈ ಕೈಲಿ ಒಂದು ಪೆನ್ನು ಹಿಡಿಯೋಕೂ ಆಗಲ್ಲ. ಕೆನ್ನೆ ತೂತು ಮಾಡೋಕಾಗುತ್ತಾ?’

‘ನನ್ನ ಹೆಣಿಗೆ ಕೊಡಿ’ ಎಂದಳು ಮರಿ.

ಅದು ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಇನ್ಸ್‌ಪೆಕ್ಟರಮ್ಮ ಚೀಲ ಬಿಚ್ಚಿ ಮುಂದೆ ತಳ್ಳಿದಳು. ಟೋಪಿ ಅರ್ಧ ಹಳದಿ, ಅರ್ಧ ಒಣಗಿದ ರಕ್ತ. ಮರಿ ಕುರ್ಚಿಯಲ್ಲಿ ಕೂತಳು. ಕಡ್ಡಿಯನ್ನು ನೆಟ್ಟಗಿನ ಬೆರಳುಗಳ ಸಂದಿಗೆ ತೂರಿಸಿ, ಗುಂಡನ್ನು ಅಂಗೈಯ ಬುಡಕ್ಕೆ ಒತ್ತಿದಳು. ನೋವಿಗೆ ಅವಳ ತುಟಿ ಬಿಳಿಚಿತು. ಅಂಗೈಯಿಂದ ತಳ್ಳಿದಳು, ಸುತ್ತಿದಳು, ಎಳೆದಳು, ಬಿಟ್ಟಳು. ಮತ್ತೊಂದು. ರಕ್ತ ಒಣಗಿ ಅಂಟಿಕೊಂಡಿದ್ದ ಕುಣಿಕೆಗಳು, ಉಗುರು ಹಾಕಿದರೂ ಬಿಡದಂಥವು. ಅವಳ ತಳ್ಳುವಿಕೆಗೆ ಕಡ್ಡಿ ಚರಕ್ ಚರಕ್ಕೆಂದು ಅವುಗಳೊಳಗೆ ಹೋಗುತ್ತಿತ್ತು. ಅವಳು ಸಾಲು ಮುಗಿಸಿ, ಟೋಪಿಯನ್ನು ಮೇಜಿನ ಮೇಲಿಟ್ಟು, ಅಂಗೈ ಚಾಚಿದಳು. ಅಂಗೈಯ ಬುಡದಲ್ಲಿ ಕಡ್ಡಿಯ ಗುಂಡು ಒತ್ತಿದ ದುಂಡು ಗಾಯ, ಸುತ್ತ ನೀಲಿಗಟ್ಟಿದ ಹೆಪ್ಪು. ಬರೀ ಹೆಣೆದರೆ ಗುಂಡು ಅಷ್ಟು ಆಳವಾಗಿ ಒತ್ತುವುದಿಲ್ಲ.

ಅವನು ಕುರ್ಚಿಯಿಂದ ಎದ್ದ. ಹೆಂಡತಿಯ ಕೈಯಿಂದ ತಿಂದ ಏಟು ಎಂದು ಇಡೀ ಸ್ಟೇಷನ್ನಿಗೆ ಗೊತ್ತಾಯಿತಲ್ಲ. ಅವನ ಕೈ ತನ್ನಷ್ಟಕ್ಕೆ ಮೇಲೆ ಹೋಯಿತು, ಪೊಲೀಸರ ನಡುವೆ, ದೀಪದ ಬೆಳಕಿನಲ್ಲಿ, ಮನೆಯಲ್ಲಿ ಹೋಗುವ ಹಾಗೆಯೇ. ಮರಿ ಈ ಸಲ ತಲೆ ಮುಚ್ಚಿಕೊಳ್ಳಲಿಲ್ಲ. ಇನ್ಸ್‌ಪೆಕ್ಟರಮ್ಮ ಆ ಎತ್ತಿದ ಕೈಯನ್ನು ನೋಡಿದಳು, ಆಮೇಲೆ ವಯಸ್ಸಾದ ಪೇದೆಯ ಮುಖವನ್ನೂ ನೋಡಿದಳು.

‘ಇವನನ್ನ ಒಳಗೆ ಕೂರಿಸು’ ಎಂದಳು. ‘ಬಾಗಿಲು ಹಾಕಿ ಚಿಲಕ ಏರಿಸಿದ್ದು ಯಾರು ಅಂತ ಆಮೇಲೆ ಕೇಳ್ತೀನಿ.’ ಮರಿಗೆ, ‘ನೀನೂ ಇರ್ಬೇಕಾಗುತ್ತೆ. ಚುಚ್ಚಿದ್ದು ಚುಚ್ಚಿದ್ದೇ. ಯಾಕೆ ಚುಚ್ಚಿದೆ ಅನ್ನೋದನ್ನ ಮೊದಲಿಂದ ಹೇಳು, ನಾನು ಬರ್ಕೋತೀನಿ’ ಎಂದು ಪೆನ್ನು ಹುಡುಕಲು ಒಳಗೆ ಹೋದಳು.

ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ನನಗೆ ಸಿಟ್ಟು ನೆತ್ತಿಗೇರಿತ್ತು.

‘ನಿನಗೇನಾದ್ರೂ ಬುದ್ಧಿ ಇದ್ಯಾ? ನಾನು ಒಪ್ಕೊಂಡಿದ್ನಲ್ಲ. ಬಾಯಿ ಮುಚ್ಕೊಂಡು ಕೂರೋಕೆ ಏನಾಗಿತ್ತು ನಿನಗೆ?’

‘ನೀನು ಒಳಗೆ ಹೋದ್ರೆ ನಾನು ಯಾರ ಮನೇಗೆ ಹೋಗ್ಬೇಕಿತ್ತು ಅಕ್ಕ?’

ನಾನು ಜೈಲಿಗೆ, ಅವಳು ಅವನ ಮನೆಗೆ. ನನ್ನ ಕೈಯಾರೆ ನಾನೇ ಅವಳನ್ನು ಅವನ ಕೈಗೆ ಕೊಡುತ್ತಿದ್ದೆ, ಅದೂ ಪ್ರೀತಿಯಿಂದ. ಅವನು ಅಷ್ಟು ಬೇಗ ನನ್ನ ಕಡೆ ಬೆರಳು ತೋರಿಸಿದ್ದು ಏಕೆಂದು ಆಗ ಹೊಳೆಯಿತು.

‘ಅವನಿಗೂ ಅದೇ ಬೇಕಿತ್ತು’ ಎಂದಳು ಮರಿ. ‘ಇನ್ನು ಕರೆಯಲ್ಲ ಬಿಡು. ಹೆಂಡ್ತಿ ಚುಚ್ಚಿದ್ಲು ಅಂತ ಜನ ನಗೋವಾಗ, ಅವನು ನನ್ನ ಪಕ್ಕ ನಿಲ್ಲಲ್ಲ.’ ಒಳ್ಳೆಯ ಎಡಗೈಯಿಂದ ನನ್ನ ಮಂಡಿ ತಟ್ಟಿದಳು. ‘ಮತ್ತೆ, ಯಾವಾಗ್ಲೂ ನೀನೇ ಹೊಡೀತೀಯ ಅಕ್ಕ. ಇದೊಂದು ನಂದು. ಇದನ್ನೂ ಕಿತ್ಕೋಬೇಡ.’

ಒಳಗಿನಿಂದ ಅವಳನ್ನು ಕರೆದರು. ನಾನೂ ಎದ್ದೆ. ಪೇದೆ, ‘ನೀವಲ್ಲ, ಅವರೊಬ್ಬರೇ’ ಎಂದ. ಮರಿ ಪಕ್ಕೆ ಹಿಡಿದುಕೊಂಡು, ನೋವಿಗೆ ಓರೆಯಾಗಿ ನಡೆಯುತ್ತಾ ಒಳಗೆ ಹೋದಳು, ತಿರುಗಿ ನೋಡಲಿಲ್ಲ. ನಾನು ಬೆಂಚಿನ ಮೇಲೆ ಕೂತು ಅತ್ತೆ. ಗೋಡೆಯ ಆಚೆ ಅವಳ ದನಿ ಕೇಳುತ್ತಿತ್ತು. ಬಾಗಿಲು ಗಾಳಿಗೆ ಬಡಿದದ್ದಲ್ಲ ಮೇಡಂ ಎಂದು ಅವಳು ಶುರುಮಾಡಿದಳು.